ಗಡ್ಡ ಮಾಸ್ಕಿಗೆ, ಮುಡಿ ಮಾದಪ್ಪನಿಗೆ

‘ವಾಸನೆ ಬಂದರೆ ಹೆದರು. ಬಂದ ವಾಸನೆ ಇದ್ದಕ್ಕಿದ್ದಂತೆ ನಿಂತರೆ ಇನ್ನೂ ಹೆದರು.’ ಸೌದಿಯ ಈ ಮರಳುಗಾಡಿಗೆ ಬಂದಾಗ ನನಗೆ ಹೇಳಿಕೊಟ್ಟ ಮೊದಲ ಪಾಠ ಇದು. ಹೇಳಿಕೊಟ್ಟವನು ಫಿಲಿಪ್ಪೀನ್ಸಿನ ಒಬ್ಬ ಸೇಫ್ಟಿ ಮೇಷ್ಟ್ರು. ನೆಲದಡಿಯಿಂದ ಬರುವ ಗ್ಯಾಸಿನಲ್ಲಿ ಕೊಳೆತ ಮೊಟ್ಟೆಯ ನಾತದ ವಿಷವೂ ಬೆರೆತಿರುತ್ತದೆ, ಅದು ಹೆಚ್ಚಾದರೆ ಮೊದಲು ಮೂಗು ಸಾಯುತ್ತದೆ, ಆಮೇಲೆ ಮನುಷ್ಯ ಎಂದ. ಬೆಂಕಿಪೊಟ್ಟಣದಂಥ ಡಬ್ಬಿಯೊಂದನ್ನು ಎದೆಗೆ ಸಿಕ್ಕಿಸಿ, ಇದು ಕೂಗಿಕೊಂಡರೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಗಾಳಿಗೆ ಅಡ್ಡಲಾಗಿ ಓಡು ಎಂದ. ಅಯ್ಯೋ ಶಿವನೇ, ನಾನು ಬಂದಿದ್ದು ಪೈಪು ಜೋಡಿಸುವುದಕ್ಕಲ್ಲವೇ ಅನ್ನಿಸಿತು.

ನಮ್ಮ ಕಡೆ ಮೂಗನ್ನು ನಂಬಬಹುದಿತ್ತು. ನನ್ನೂರು ಕಾಮಗೆರೆ. ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಪೈಪ್ ಫಿಟ್ಟರ್ ಆಗಿದ್ದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಕಾಕಂಬಿಯ ವಾಸನೆ ಅಂಗಿ, ಟವೆಲ್ಲು, ಊಟದ ಡಬ್ಬಿ ಎಲ್ಲಕ್ಕೂ ಹತ್ತಿರುತ್ತಿತ್ತು. ಹತ್ತಿರ ಬಂದರೆ ಸಾಕು, ನನ್ನ ಹೆಂಡತಿ ಮಂಜುಳ ಮೂಗು ಮುಚ್ಚಿಕೊಂಡು ನಗುತ್ತಿದ್ದಳು. ಹಂಗಾಮು ಮುಗಿದರೆ ನನ್ನ ಕೆಲಸವೂ ಮುಗಿಯುತ್ತಿತ್ತು. ಅದಕ್ಕೇ ಇಲ್ಲಿಗೆ ಬಂದೆ. ಇಲ್ಲಿ ಬಟ್ಟೆಗೆ ಯಾವ ವಾಸನೆಯೂ ಇಲ್ಲ, ಮೂಗು ಮುಚ್ಚಿಕೊಂಡು ನಗುವವರೂ ಇಲ್ಲ.

ಮೊದಲು ನಾನಿದ್ದದ್ದು ಸಮುದ್ರದ ಹತ್ತಿರ, ಎಣ್ಣೆ ಪೈಪುಗಳ ಯಾರ್ಡಿನಲ್ಲಿ. ಸಂಜೆ ಹೊತ್ತು ಅಂಗಡಿ ಬೀದಿಗೆ ಹೋದರೆ ನಾಲ್ಕು ಮುಖವಾದರೂ ಕಾಣುತ್ತಿದ್ದವು. ಈ ದೇಶಕ್ಕೆ ಈಗ ಎಣ್ಣೆ ಸಾಲದು, ಗ್ಯಾಸೂ ಬೇಕು. ಇಷ್ಟು ದಿನ ಮನೆ ತಂಪು ಮಾಡುವ ಕರೆಂಟಿಗೂ ಎಣ್ಣೆಯನ್ನೇ ಸುಡುತ್ತಿದ್ದರಂತೆ. ಇನ್ನು ಅದಕ್ಕೆ ಗ್ಯಾಸ್ ಸುಟ್ಟು, ಉಳಿಯುವ ಎಣ್ಣೆಯನ್ನು ಹೊರಗೆ ಮಾರುತ್ತಾರಂತೆ. ಹಾಗಾಗಿ ನಮ್ಮನ್ನೆಲ್ಲ ಬಸ್ಸಿಗೆ ತುಂಬಿ, ಒಂದು ಜಾಲಿಗಿಡವೂ ಇಲ್ಲದ ಈ ಜಾಗಕ್ಕೆ ತಂದು ಇಳಿಸಿದರು. ಹೊಸ ಗ್ಯಾಸ್ ಪ್ಲಾಂಟು, ಅದರ ಪಕ್ಕದಲ್ಲಿ ಡಬ್ಬದಂಥ ರೂಮುಗಳ ಸಾಲು. ಬೇಲಿಯಾಚೆ ಬರೀ ಮರಳು.

ರೂಮಿನಲ್ಲಿ ಜೊತೆಗಿರುವವನು ಮುರುಗೇಶ, ಸತ್ಯಮಂಗಲದ ಕಡೆಯವನು. ನನಗೆ ಹನೂರು ಸಂತೆಯ ತಮಿಳು ಬರುತ್ತದೆ, ಅವನಿಗೆ ನಮ್ಮ ಬೆಟ್ಟದ ದೇವರು ಮಾದಪ್ಪ ಗೊತ್ತು. ಅಷ್ಟೇ ನಮ್ಮ ನೆಂಟಸ್ತನ. ಇಲ್ಲಿನ ಮೆಸ್ಸಿನಲ್ಲಿ ಕೊಡುವುದು ಖುಬ್ಬೂಸ್, ಅಂದರೆ ಅಗಲವಾದ ಮೈದಾ ರೊಟ್ಟಿ. ಬಿಸಿ ಇದ್ದಾಗ ಪರವಾಗಿಲ್ಲ, ಆರಿದರೆ ಚಪ್ಪಲಿ. ಶುಕ್ರವಾರ ರಜೆ. ಆ ದಿನ ನಾವಿಬ್ಬರೂ ಕದ್ದುಮುಚ್ಚಿ ಮುದ್ದೆ ತಿರುವುತ್ತೇವೆ.

ಈಗ ನನ್ನ ಗಡ್ಡದ ವಿಷಯಕ್ಕೆ ಬರುತ್ತೇನೆ. ಮಂಜುಳಳಿಗೆ ಎರಡು ಸಲ ಬಸುರು ನಿಂತು, ಉಳಿಯದೆ ಹೋಗಿತ್ತು. ನಾನು ರಜೆಗೆ ಊರಿಗೆ ಹೋಗಿಬಂದ ಮೇಲೆ ಮೂರನೇ ಸಲ ನಿಂತಾಗ ಅವ್ವ ಮನೆಮುಂದೆ ರಸ್ತೆಗೆ ಬಂದು, ಬೆಟ್ಟದ ದಿಕ್ಕಿಗೆ ಕೈಮುಗಿದು ಹರಸಿಕೊಂಡಳಂತೆ: ಈ ಕೂಸು ಉಳಿದರೆ ನನ್ನ ಮಗನ ಮುಡಿ, ಗಡ್ಡಮೀಸೆ ಸಮೇತ ನಿನಗೇ ಮಾದಪ್ಪ. ಅಲ್ಲಿಂದ ನಾನು ಕತ್ತರಿ ಮುಟ್ಟಿಸಲಿಲ್ಲ. ತಲೆಗೂದಲನ್ನು ಹೆಲ್ಮೆಟ್ಟಿನೊಳಗೆ ತುರುಕುತ್ತಿದ್ದೆ. ಗಡ್ಡ ಎದೆ ಮುಟ್ಟುವುದಕ್ಕೆ ಬಂದಿತ್ತು. ಇಷ್ಟು ದೂರದಿಂದ ಮನೆಯವರಿಗಾಗಿ ನಾನು ಮಾಡಲು ಸಾಧ್ಯವಿದ್ದದ್ದು ಅದೊಂದೇ, ಸುಮ್ಮನೆ ಬೆಳೆಯಲು ಬಿಡುವುದು. ಕನ್ನಡಿ ನೋಡಿಕೊಂಡರೆ ಮಗು ಹೊಟ್ಟೆಯಲ್ಲಿ ಬೆಳೆಯುತ್ತಿದೆ ಎಂಬ ಧೈರ್ಯ ಬರುತ್ತಿತ್ತು.

ಹೊಸ ಪ್ಲಾಂಟಿನ ಗೇಟು ದಾಟಬೇಕಾದರೆ ಮಾಸ್ಕಿನ ಪರೀಕ್ಷೆ ಪಾಸಾಗಬೇಕು. ಮಾಸ್ಕ್ ಹಾಕಿಸಿ, ತಲೆಯ ಮೇಲೆ ಚೀಲದಂಥದ್ದು ಇಳಿಬಿಟ್ಟು, ಒಳಕ್ಕೆ ಕಹಿ ಔಷಧಿ ಸಿಂಪಡಿಸುತ್ತಾರೆ. ಬಾಯಿಗೆ ಕಹಿ ಗೊತ್ತಾದರೆ ಮಾಸ್ಕ್ ಸರಿಯಾಗಿ ಕೂತಿಲ್ಲ ಎಂದರ್ಥ. ನನಗೆ ಬೇವಿನೆಲೆ ಜಗಿದಂತಾಯಿತು. ಮೇಷ್ಟ್ರು ನನ್ನ ಗಡ್ಡ ತೋರಿಸಿ ತಲೆಯಾಡಿಸಿದ. ಮುದೀರನ ಹತ್ತಿರ ಹೋದೆ. ಮುದೀರ್ ಎಂದರೆ ಇಲ್ಲಿ ಮ್ಯಾನೇಜರು. ಎಣ್ಣೆ ಯಾರ್ಡಿಗೇ ವಾಪಸ್ ಹಾಕಿ ಎಂದು ಬೇಡಿಕೊಂಡೆ. ಅಲ್ಲಿ ಜಾಗ ಇಲ್ಲ, ಗಡ್ಡ ತೆಗೆ, ಇಲ್ಲದಿದ್ದರೆ ಖಲಾಸ್ ಎಂದ. ಖಲಾಸ್ ಎಂದರೆ ಮುಗಿಯಿತು. ಈ ಊರಿನಲ್ಲಿ ಊಟ ಮುಗಿದರೂ ಖಲಾಸ್, ಕೆಲಸ ಹೋದರೂ ಖಲಾಸ್.

ಊರಿಗೆ ಫೋನ್ ಮಾಡಿದೆ.

“ವಿಷದ್ ಗಾಳಿ ತಡ್ಯಾ ಮಾಸ್ಕು ಮೂತಿಗೆ ಕೂರಕಿಲ್ವಂತೆ, ಗಡ್ಡ ತಗೀಬೇಕಂತೆ ಕಣವ್ವ. ಇಲ್ದಿದ್ರೆ ಕೆಲ್ಸ ಇಲ್ವಂತೆ.”

“ಅಂಗಾರೆ ಬಂದ್ಬುಡು,” ಎಂದಳು ಅವ್ವ. “ನಿನ್ ಮುಡಿ ಅಂತ ಬಾಯ್ಬುಟ್ಟು ಏಳಿವ್ನಿ ಕಣ್ಲಾ ನಾನು. ಏಳು ತಿಂಗ್ಳು ತುಂಬ್ಯದೆ. ಈಗ ಮಾತು ತಪ್ಸಿ ಆ ಕೂಸ್ಗೆ ಏನಾರಾ ಆದ್ರೆ ಏನ್ಲಾ ಮಾಡೀಯೆ?”

ಮಂಜುಳ ಫೋನ್ ಕಿತ್ತುಕೊಂಡಳು.

“ತಗ್ಸಿ ಅತ್ಲಾಗೆ. ನೀವು ಉಸುರಾಡ್ಕಂಡಿದ್ರೆ ತಾನೆ ಮುಡಿ ಕೊಡಾದು? ಮಾದಪ್ಪಂಗೆ ನಾನ್ ಏಳ್ಕತೀನಿ ಓಗಿ.”

ಕ್ಯಾಂಪಿನ ಕ್ಷೌರದವನು ಮುಲ್ತಾನಿನ ಮುದುಕ. ಕತ್ತರಿ ಹಾಕುತ್ತಿದ್ದಂತೆ ನನ್ನ ಕಣ್ಣಲ್ಲಿ ನೀರು ಬಂತು. ಅವನು ಕೈ ನಿಲ್ಲಿಸಿ, ಮನೆಯಲ್ಲಿ ಯಾರಾದರೂ ತೀರಿಕೊಂಡರಾ ಎಂದು ಕೇಳಿದ. ಇಲ್ಲ, ಹುಟ್ಟಬೇಕು ಎಂದೆ. ಅವನು ಗಲ್ಲವನ್ನು ನುಣ್ಣಗೆ ಕೆರೆದು ಮುಗಿಸಿದ. ಬಿದ್ದ ಗಡ್ಡವನ್ನೆಲ್ಲ ಆಯ್ದು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಟ್ಟ; ಆ ಗಂಟು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಮರುದಿನ ಬಾಯಿಗೆ ಕಹಿ ಹತ್ತಲಿಲ್ಲ. ಪಾಸಾದೆ.

ಅಲ್ಲಿಂದ ಅವ್ವ ಮಾತು ಬಿಟ್ಟಳು. ವಿಡಿಯೊ ಕಾಲಿನಲ್ಲಿ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಬೆನ್ನ ಮೇಲೆ ಅವಳ ದಪ್ಪ ತುರುಬು. ಆ ವಯಸ್ಸಿಗೂ ಅಂಥ ಕೂದಲು ಅಂತ ಕೇರಿಯವರೆಲ್ಲ ಹೇಳುತ್ತಿದ್ದರು, ಅವಳಿಗೂ ಅದರ ಮೇಲೆ ಕೊಂಚ ಜಂಬವಿತ್ತು. ನನಗೆ ದಿನಾ ಹೆದರಿಕೆ. ಪೈಪಿನ ಬೋಲ್ಟು ಬಿಗಿ ಮಾಡುವಾಗಲೂ ಅದೇ ಯೋಚನೆ: ನನ್ನ ಗಡ್ಡದಿಂದ ಆ ಮಗುವಿಗೆ ಏನಾದರೂ ಆದರೆ? ಎದೆಯ ಡಬ್ಬಿ ವಿಷಕ್ಕೆ ಕೂಗುತ್ತದೆ. ಇಂಥದ್ದಕ್ಕೆ ಕೂಗುವ ಡಬ್ಬಿ ಯಾವ ದೇಶದಲ್ಲೂ ಇಲ್ಲ.

ಹೆರಿಗೆ ಕಾಮಗೆರೆ ಆಸ್ಪತ್ರೆಯಲ್ಲೇ ಆಯಿತು. ಹೆಣ್ಣುಮಗು. ತಾಯಿ, ಮಗಳು ಇಬ್ಬರೂ ಗಟ್ಟಿ. ಸುದ್ದಿ ಬಂದಾಗ ಮೆಸ್ಸಿನಲ್ಲಿದ್ದೆ. “ಉಘೇ ಮಾದಪ್ಪ!” ಎಂದು ಕೂಗಿಬಿಟ್ಟೆ. ಇಡೀ ಮೆಸ್ಸು ತಿರುಗಿ ನೋಡಿತು. ಮುರುಗೇಶ ಒಬ್ಬನೇ ಎದ್ದು ನಿಂತು ಉಘೇ ಎಂದ. ನಮ್ಮ ಮನೆ ಮುಂದಿನ ರಸ್ತೆಯಲ್ಲಿ ಬೆಟ್ಟಕ್ಕೆ ನಡೆದುಹೋಗುವ ಜನ ಕೂಗುವಾಗ ಊರಿಗೆ ಊರೇ ಓಗೊಡುತ್ತದೆ.

ಹೆರಿಗೆಯ ಸೂತಕ ಕಳೆದು ಕೆಲವು ದಿನಗಳಾದ ಮೇಲೆ ಅವ್ವನೇ ಫೋನ್ ಮಾಡಿದಳು. ಪರದೆಯಲ್ಲಿ ನುಣ್ಣಗೆ ಬೋಳಿಸಿದ ತಲೆ. ಒಂದು ಗಳಿಗೆ ಯಾರೆಂದೇ ತಿಳಿಯಲಿಲ್ಲ.

“ಏನವ್ವ ಇದು!”

“ನಾನೇ ಬೆಟ್ಟಕ್ ಓಗಿದ್ದಿ. ನಿನ್ ಗಡ್ಡವ ಆ ಮೂತಿ ಚೀಲ ತಿನ್ಕತು. ಮಾತು ಕೊಟ್ಟೋಳು ನಾನಲ್ವಾ, ನನ್ ಮುಡೀನೇ ಕೊಟ್ಬುಟ್ಟು ಬಂದಿ.” ಮಗುವನ್ನು ಎತ್ತಿ ತೋರಿಸಿದಳು. “ನೋಡ್ಲಾ, ಇವ್ಳ್ ತಲೇಲಿ ನಂಗಿಂತ ಜಾಸ್ತಿ ಅದೆ. ನಿಂದೇನೂ ಬಾಕಿ ಇಲ್ಲ ಕಣಪ್ಪ. ಆ ತಲೆಗೂದ್ಲೂವೆ ಅಲ್ಲೇ ತಗಿಸ್ಕಂಡ್ಬುಡು. ಸೆಕೆ ಅಂತೀಯಲ್ಲ.”

ಅವಳು ನನ್ನ ಒಳ್ಳೆಯದಕ್ಕೇ ಹೇಳಿದಳು. ಅವಳು ಮಾತಾಡಿದಳಲ್ಲ ಎಂದು ಅತ್ತುಬಿಟ್ಟೆ. ಆಮೇಲೆ ಒಬ್ಬನೇ ಕೂತಾಗ ಬೇರೆಯೇ ಸಂಕಟವಾಯಿತು. ಹೆರಿಗೆ ನಾನಿಲ್ಲದೆ ಆಯಿತು. ಹರಕೆಯೂ ನಾನಿಲ್ಲದೆ ತೀರಿತು. ಇನ್ನು ಅಲ್ಲಿ ನನ್ನಿಂದ ಆಗಬೇಕಾದ್ದು ಏನೂ ಉಳಿಯಲಿಲ್ಲ.

ಗ್ಯಾಸ್ ಮೇಲೆ ಬರುವವರೆಗೆ ಯಾರಿಗೂ ರಜೆ ಇಲ್ಲ ಎಂದಿದ್ದಾನೆ ಮುದೀರ್. ಮಗಳ ಮೊದಲ ಮುಡಿಯನ್ನು ನಾನು ಬಂದ ಮೇಲೆಯೇ ತೆಗೆಸಬೇಕು ಎಂದು ಮಂಜುಳಳಿಗೆ ಹೇಳಿದ್ದೇನೆ. “ನೀವ್ ಬರೋಗಂಟ ಅವ್ಳು ಎಲ್ಡು ಜಡೆ ಆಕಂಡಿರ್ತಾಳೆ ಕಣ್ರಿ,” ಎಂದು ನಕ್ಕಳು.

ಮೊನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಮುಲ್ತಾನಿನ ಮುದುಕ ನನ್ನ ಗಲ್ಲ ಕೆರೆದು ಮುಗಿಸಿ, ಮಗು ಹುಟ್ಟಿತಲ್ಲ, ಇನ್ನು ತಲೆಯದೂ ತೆಗೆಯಲೇ ಎಂದು ಕತ್ತರಿ ಎತ್ತಿಕೊಂಡ. ನಾನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೆ. ಗಲ್ಲ ಈ ಊರಿನದು, ದಿನಾ ಬೇಕಾದರೆ ಕೆರೆ, ತಲೆ ಮಾತ್ರ ನಮ್ಮ ಬೆಟ್ಟದ್ದು, ಮುಟ್ಟಬೇಡ ಎಂದೆ. ಎಲ್ಲಿಯವರೆಗೆ ಎಂದು ಕೇಳಿದ. ನನಗೂ ಗೊತ್ತಿಲ್ಲ ಎಂದು ಹೇಳಿ ಕೂದಲನ್ನು ಹೆಲ್ಮೆಟ್ಟಿನೊಳಕ್ಕೆ ತುರುಕಿಕೊಂಡು ಎದ್ದು ಬಂದೆ.