ಟೈಪಮ್ಮ ಬಡಿಯದ ಪದ

ದಾಖಲೆ ಕಚೇರಿಯ ಜಗುಲಿಯಲ್ಲಿ, ಮೆಟ್ಟಿಲಿನ ಪಕ್ಕಕ್ಕೆ ಆಕೆಯ ಮೇಜು. ಅದರ ಮೇಲೆ ಹಳೇ ಟೈಪ್‌ರೈಟರು, ಕಾರ್ಬನ್ ಹಾಳೆಗಳ ಕಟ್ಟು. ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಆಕೆ ಟೈಪಮ್ಮ. ಅರ್ಜಿಗಳೆಲ್ಲ ಇಂಗ್ಲಿಷಿನಲ್ಲೇ ಹೋಗಬೇಕಿದ್ದ ಕಾಲ ಅದು. ಜನ ಬಂದು ತಮ್ಮ ಗೋಳು ತೋಡಿಕೊಳ್ಳುತ್ತಿದ್ದರು, ಆಕೆ ಅದನ್ನು ಇಂಗ್ಲಿಷಿಗಿಳಿಸಿ ಬಡಿದು ಕೊಡುತ್ತಿದ್ದಳು. ಪದಗಳ ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು.

"ಸೈಕಲ್ಲು ಕಳೆದುಹೋಯ್ತಾ, ಕಳುವಾಯ್ತಾ? ಲಾಸ್ಟ್ ಅಂದ್ರೆ ತಪ್ಪು ನಿಮ್ಮದು. ಸ್ಟೋಲನ್ ಅಂದ್ರೆ ಕಳ್ಳಂದು," ಎಂದು ಒಮ್ಮೆ ಒಬ್ಬ ಮುದುಕನನ್ನು ಕೇಳಿದ್ದಳು.

"ನನ್ನ ಹೆಂಡತಿ ಬೈಯದ ಹಾಗೆ ಯಾವುದಿದೆಯೋ ಅದನ್ನೇ ಬಡೀರಿ ತಾಯಿ," ಅಂದಿದ್ದನಂತೆ ಆತ.

ಆಕೆಯ ಗಂಡ ಲೇತ್ ಕೆಲಸಗಾರ. ಮಿತಭಾಷಿ. ಮದುವೆಯಾಗಿ ನಾಲ್ಕನೇ ವರ್ಷ, ಒಂದು ಬೆಳಗ್ಗೆ ಕನ್ನಡಕ ರಿಪೇರಿ ಮಾಡಿಸಿಕೊಂಡು ಬರುತ್ತೇನೆಂದು ಹೊರಟವನು ಹಿಂದಿರುಗಲಿಲ್ಲ. ಜಗಳವಿಲ್ಲ, ಚೀಟಿಯಿಲ್ಲ. ಮೂರು ದಿನ ಕಾದು, ಪೊಲೀಸರಿಗೆ ಕೊಡುವ ದೂರನ್ನು ಆಕೆಯೇ ಟೈಪು ಮಾಡಿದಳು. 'ಮಿಸ್ಸಿಂಗ್' ಎಂದು ಬಡಿಯುವಾಗ ಬೆರಳು ಎರಡು ಸಲ ತಪ್ಪಿತು.

ಆಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ, ಆಕೆ ಮತ್ತು ಅತ್ತೆ. "ನನ್ನ ಮಗ ಬಿಟ್ಟುಹೋಗೋನಲ್ಲ ಕಣೇ, ಅವನಿಗೆ ಏನೋ ಆಗಿದೆ," ಎನ್ನುತ್ತಿದ್ದಳು ಅತ್ತೆ. ಸೊಸೆ ಹೂಂಗುಡುತ್ತಿದ್ದಳು. ಹಾಗೇ ಒಂಬತ್ತು ವರ್ಷ ಕಳೆಯಿತು.

ಆ ವರ್ಷ ಒಂಟಿ ಹೆಂಗಸರಿಗೆ ಸರ್ಕಾರ ಮನೆ ಕೊಡುತ್ತದೆಂದು ಫಾರಂ ಬಂತು. ಅದರಲ್ಲಿ ಮೂರೇ ಚೌಕ: ವಿಡೋ, ಡೈವೋರ್ಸ್ಡ್, ಡೆಸರ್ಟೆಡ್. ಸೋರುವ ಬಾಡಿಗೆ ಮನೆಯಲ್ಲಿ ಆಕೆ ಪಾಡುಪಡುತ್ತಿದ್ದುದು ದಾಖಲೆ ಕಚೇರಿಯ ಗುಮಾಸ್ತನಿಗೆ ಗೊತ್ತಿತ್ತು.

"ಡೆಸರ್ಟೆಡ್‌ಗೆ ಗುರುತು ಹಾಕಿ ಕೊಡಿ ಟೈಪಮ್ಮ, ನಾಳೇನೇ ಮುಂದಕ್ಕೆ ಕಳಿಸ್ತೀನಿ."

"ಅವರು ಬಿಟ್ಟುಹೋದ್ರು ಅಂತ ನನಗೆ ಗೊತ್ತಿಲ್ವಲ್ಲ ಸಾರ್. ಅವರು ಮಿಸ್ಸಿಂಗು."

"ಎರಡೂ ಒಂದೇ ಅಲ್ವೇನ್ರೀ? ಮನೇಲಿಲ್ಲ ತಾನೆ?"

"ಒಂದೇ ಅಲ್ಲ ಸಾರ್. ಮಿಸ್ಸಿಂಗ್ ಆದವರನ್ನ ಕಾಯಬಹುದು."

ಊರ ನಲವತ್ತು ಹೆಂಗಸರ ಫಾರಂ ತುಂಬಿಕೊಟ್ಟ ಟೈಪಮ್ಮ, ತನ್ನದನ್ನು ಮಡಿಸಿ ಡ್ರಾಯರಿಗೆ ಹಾಕಿಬಿಟ್ಟಳು.

ಮರುವರ್ಷ ಒಂದು ಮಧ್ಯಾಹ್ನ ಪರವೂರಿನ ಹೆಂಗಸೊಬ್ಬಳು ಮೇಜಿನ ಮುಂದೆ ಬಂದು ನಿಂತಳು. ಮೂವತ್ತರ ಆಸುಪಾಸು, ಬಸ್ಸಿನ ಧೂಳು ಮೈಮೇಲೇ ಇತ್ತು. ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಮಗಳ ಶಾಲೆಯವರು ಅಪ್ಪನ ಜನನದ ದಾಖಲೆ ಕೇಳಿದ್ದರಂತೆ, ಅವನು ಹುಟ್ಟಿದ್ದು ಈ ಊರಿನಲ್ಲಂತೆ. ವಿವರ ಬರೆದಿದ್ದ ಚೀಟಿಯನ್ನು ಮುಂದಿಟ್ಟಳು.

ಟೈಪಮ್ಮ ಓದಿದಳು. ತನ್ನದೇ ಗಂಡನ ಹೆಸರು. ಮಾವನ ಹೆಸರು. ತಾನು ದಿನಾ ನಡೆದು ಬರುವ ಬೀದಿ. ಇನ್ನೊಮ್ಮೆ ಓದಿದಳು.

"ಇಲ್ಲಿ ಅವರ ಕಡೆಯವರು ಯಾರೂ ಇಲ್ವಾ?" ಎಂದು ಕೇಳಿದಾಗ ಆಕೆಯ ದನಿ ಆಕೆಗೇ ಗುರುತು ಸಿಗಲಿಲ್ಲ.

"ಯಾರೂ ಇಲ್ಲ ಅಂತಿದ್ರು ಅಕ್ಕ. ಊರಿನ ಮಾತೆತ್ತಿದ್ರೆ ಎದ್ದು ಹೋಗಿಬಿಡ್ತಿದ್ರು. ಏನಿತ್ತೋ ಮನಸ್ಸಲ್ಲಿ."

"ಏನಾಗಿತ್ತು ಅವರಿಗೆ?"

"ಎದೆನೋವು. ಆಸ್ಪತ್ರೆ ಮುಟ್ಟೋದರೊಳಗೇ ಹೋಗಿಬಿಟ್ರು." ಹೆಂಗಸು ಕಣ್ಣೊರೆಸಿಕೊಂಡಳು. "ನಾನು ಅವರ ವೈಫ್ ಅಂತ ಹಾಕಿ ಅಕ್ಕ."

ಟೈಪಮ್ಮ ಹಾಳೆ ಏರಿಸಿದಳು, ಅಂಚು ನೇರ ಮಾಡಿದಳು. "ವೈಫ್ ಅಂದ್ರೆ ಅವರಿನ್ನೂ ಇದ್ದಾರೆ ಅಂತ ಓದ್ಕೋತಾರಮ್ಮ. ವಿಡೋ ಅಂತ ಹಾಕ್ಬೇಕು."

"ಸರಿ, ನಿಮಗೆ ತಿಳಿದ ಹಾಗೆ ಮಾಡಿ."

ಆಕೆ ಬಡಿದಳು. ಒಂದಕ್ಷರವೂ ತಪ್ಪಲಿಲ್ಲ. ಕಾಗದ ಕೊಟ್ಟು, ಹೆಂಗಸನ್ನು ಕಚೇರಿಯ ಕಿಟಕಿಯವರೆಗೆ ಕರೆದೊಯ್ದು, ಬೇಗ ಕೆಲಸ ಮಾಡಿಕೊಡಿ ಎಂದು ಗುಮಾಸ್ತನಿಗೂ ಹೇಳಿದಳು. ತಾನು ಯಾರೆಂಬುದನ್ನು ಹೇಳಲಿಲ್ಲ. ಹೇಳಿದ್ದರೆ ಆ ಹೆಂಗಸಿನ ಕೈಯಲ್ಲಿದ್ದ 'ವಿಡೋ' ಎಂಬ ಪದವೂ ಹೋಗುತ್ತಿತ್ತು. ಇಬ್ಬರಲ್ಲಿ ಒಬ್ಬಳಿಗಾದರೂ ಒಂದು ಪದ ಇರಲಿ ಅನ್ನಿಸಿತು.

ಅತ್ತೆಗೆ ಹೇಳಲು ನಾಲ್ಕು ದಿನ ಹಿಡಿಯಿತು. ಬೇಳೆ ಆರಿಸುತ್ತಿದ್ದ ಮುದುಕಿ ಮೊರ ಕೆಳಗಿಟ್ಟು ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ. "ಮಗು ಎಷ್ಟನೇ ಕ್ಲಾಸಂತೆ?" ಎಂದಳು.

"ಒಂದನೇ ಕ್ಲಾಸಿಗೆ ಸೇರಿಸ್ತಾರಂತೆ."

"ನಿನಗೆ ಅನ್ಯಾಯ ಮಾಡಿದ ಕಣೇ," ಎಂದಳು ಅತ್ತೆ. ಹತ್ತು ವರ್ಷದಲ್ಲಿ ಮಗನ ಮೇಲೆ ಆಡಿದ ಮೊದಲ ದೂರು. ಸೊಸೆಗೆ ದುಃಖ ಒತ್ತರಿಸಿ ಬಂದದ್ದು ಆಗಲೇ. ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು.

ಮುಂದಿನ ವಾರ ಇಬ್ಬರೂ ಠಾಣೆಗೆ ಹೋದರು. ಪೇದೆ ಹಳೇ ಕಡತ ಹುಡುಕಿ ತೆಗೆದು, ದೂರಿನ ಕೆಳಗೆ 'ಫೌಂಡ್' ಎಂದು ಬರೆದ.

"ಫೌಂಡ್ ಬೇಡ ಸಾರ್," ಎಂದಳು ಟೈಪಮ್ಮ. "ಹಾಗಂದ್ರೆ ಸಿಕ್ಕಿದ್ರು ಅಂತ. ಟ್ರೇಸ್ಡ್ ಅಂತ ಬರೀರಿ. ಎಲ್ಲಿದ್ರು ಅಂತ ಗೊತ್ತಾಯ್ತು, ಅಷ್ಟೇ."

ಪೇದೆ ಆಕೆಯ ಮುಖ ನೋಡಿ, ಹೊಡೆದುಹಾಕಿ ಬರೆದುಕೊಟ್ಟ. ಆಕೆ ಸಹಿ ಮಾಡಿದಳು. ಅತ್ತೆ ಹೆಬ್ಬೆಟ್ಟು ಒತ್ತಿ, ಬೆರಳ ಮಸಿಯನ್ನು ಸೆರಗಿಗೆ ಒರೆಸಿಕೊಂಡು, ಸೊಸೆಯ ಭುಜ ಹಿಡಿದು ಮೆಟ್ಟಿಲಿಳಿದಳು.