ಒಂದು ಮನೆ ಹಿಂದೆ

ಬೆಳಗಿನ ಐದೂವರೆ. ಹತ್ತಿರದ ಬೀದಿ ಬಿಟ್ಟು ಸುತ್ತುದಾರಿಯಲ್ಲಿ ನಡೆದು ಬಂದ ಅಕ್ಕ, ಕಾರ್ಮಿಕರ ಚದುರಂಗ ಕ್ಲಬ್ಬಿನ ಬೀಗ ತೆಗೆಯುತ್ತಾರೆ. ಪಕ್ಕದ ಹಿಟ್ಟಿನ ಗಿರಣಿಯ ಧೂಳು ಇಪ್ಪತ್ತಾರು ಹಲಗೆಗಳ ಮೇಲೂ ಕೂತಿದೆ. ಇಪ್ಪತ್ತೈದನ್ನು ಒರೆಸುವುದು ನೀರು ಕುಡಿದಷ್ಟು ಸುಲಭ. ಕಿಟಕಿ ಪಕ್ಕದ ಹಲಗೆಯ ಎದುರು ಮಾತ್ರ ಅಕ್ಕ ನಿಧಾನಿಸುತ್ತಾರೆ. ಅಲ್ಲಿ ನಿನ್ನೆ ಅರ್ಧಕ್ಕೆ ನಿಂತ ಆಟವಿದೆ.

ಇಲ್ಲಿ ಯಾರೂ ನಡೆ ಬರೆದಿಡುವುದಿಲ್ಲ. ಬಾಗಿಲು ಹಾಕುವಾಗ ಕಾಯಿಗಳು ಎಲ್ಲಿದ್ದವೋ ಅಲ್ಲಿಂದಲೇ ಮರುದಿನ ಆಟ. ಧೂಳು ಇರಕೂಡದು, ಕಾಯಿ ಕದಲಕೂಡದು. ಕದಲಿಸಿದವರಿಗೆ "ನಾಳೆಯಿಂದ ಬರೋದು ಬೇಡ" ಎನ್ನುವುದು ಕಾರ್ಯದರ್ಶಿಯ ಕಾನೂನು.

ಕಟ್ಟಡದಿಂದ ಬಿದ್ದ ಗಂಡ ಹಾಸಿಗೆ ಹಿಡಿದಾಗ ಅಕ್ಕ ಈ ಕೆಲಸಕ್ಕೆ ಸೇರಿದರು. ಹತ್ತೊಂಬತ್ತು ವರ್ಷವಾಯಿತು. ದಿನಕ್ಕೆ ಎಂಟುನೂರ ಮೂವತ್ತೆರಡು ಕಾಯಿ ಅವರ ಕೈ ದಾಟುತ್ತವೆ.

"ಸೇರಿದ ಮೂರನೇ ತಿಂಗಳಲ್ಲಿ ಒಂದು ಕಾಲಾಳು ಬೀಳಿಸ್ದೆ. ವಾಚ್ ರಿಪೇರಿ ಅಣ್ಣಂದು. ಅಂದಾಜಲ್ಲಿ ಇಟ್ಟೆ. ಆಮೇಲೆ ನೋಡ್ತೀನಿ, ನಾನಿಟ್ಟಿದ್ದಕ್ಕಿಂತ ಒಂದು ಮನೆ ಮುಂದೆ ಧೂಳಿಲ್ಲದ ದುಂಡು ಗುರುತು. ಅಷ್ಟರಲ್ಲಿ ಕಾರ್ಯದರ್ಶಿ ಚಪ್ಪಲಿ ಸದ್ದು. ಹೆದರಿ ಗುರುತನ್ನೂ ಒರೆಸ್ಬಿಟ್ಟೆ. ಅಣ್ಣ ಬಂದ್ರು, ಹಲಗೆ ನೋಡಿದ್ರು, ನನ್ನ ಒಂದ್ಸಲ ನೋಡಿದ್ರು, ಕೂತ್ರು. ಸೋತ್ರು."

ಸೋತದ್ದು ಒಂದೇ ಹೆಜ್ಜೆಯ ಅಂತರದಲ್ಲಿ. ಆ ಕಾಲಾಳಿಗೆ ಎದುರು ತಡೆಯುವವರಿರಲಿಲ್ಲ. ಕೊನೆಯ ಮನೆ ಮುಟ್ಟಿದ್ದರೆ ಮಂತ್ರಿಯಾಗುತ್ತಿತ್ತು. ಅಷ್ಟರಲ್ಲಿ ಎದುರಾಳಿಯ ಆನೆ, ಕುದುರೆಗಳು ರಾಜನನ್ನು ಮುತ್ತಿಬಿಟ್ಟವು. ಅಣ್ಣನಿಗೆ ಕ್ಲಬ್ಬಿನ ತಂಡದಲ್ಲಿ ಜಾಗ ತಪ್ಪಿತು. ಅವರು ಮತ್ತೆ ಇತ್ತ ಬರಲಿಲ್ಲ.

ಇವತ್ತಿನ ಆಟವೂ ಅಂಥದೇ. ದರ್ಜಿಯ ಕಾಲಾಳು ಓಡುತ್ತಿದೆ, ಲೇತ್ ಮೆಷಿನ್ನಿನವನ ಪಡೆ ದರ್ಜಿಯ ರಾಜನ ಬಾಗಿಲಲ್ಲಿದೆ. ಅಕ್ಕ ಆ ಸಾಲು ಒರೆಸಿ ಕೈ ಹಿಂತೆಗೆಯುವಾಗ ಬಟ್ಟೆಯ ದಾರ ಸಿಕ್ಕಿ, ಕಾಲಾಳು ನೆಲಕ್ಕೆ ಉರುಳುತ್ತದೆ. ಸುತ್ತಲ ಧೂಳು ಒರೆಸಿಯಾಗಿದೆ, ಗುರುತೂ ಉಳಿದಿಲ್ಲ. ಈ ಸಲ ಅವರು ಕಾಯಿ ಇಡುವುದಿಲ್ಲ. ಮುಷ್ಟಿಯಲ್ಲಿ ಹಿಡಿದು ಒಂದು ಗಂಟೆಗೂ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಏಳಕ್ಕೆ ಆಟಗಾರರು ಬರುತ್ತಾರೆ, ಹಿಂದೆಯೇ ಕಾರ್ಯದರ್ಶಿ.

"ದರ್ಜಿ, ನಿನ್ನ ಕಾಲಾಳು ಊರು ಸೇರೋ ಹೊತ್ತಿಗೆ ನಿನ್ನ ರಾಜನ ಕಥೆ ಮುಗಿದಿರುತ್ತೆ."

"ಮೊದಲು ನಿನ್ನ ಅಂಗಿ ಗುಂಡಿ ಹಾಕ್ಕೊಳ್ಳೋ, ಆಮೇಲೆ ದಾಳಿ."

ಅಕ್ಕ ಮುಷ್ಟಿ ಬಿಚ್ಚುತ್ತಾರೆ. "ಬೀಳಿಸ್ಬಿಟ್ಟೆ ಅಣ್ಣ. ಎಲ್ಲಿತ್ತು ಅಂತ ಗೊತ್ತಿಲ್ಲ."

ದರ್ಜಿ ಕಾಯಿ ತೆಗೆದುಕೊಂಡು ಥಟ್ಟನೆ ಒಂದು ಮನೆಯಲ್ಲಿಡುತ್ತಾನೆ. ಲೇತಿನವನು ಹೌದೆಂದು ತಲೆಯಾಡಿಸುತ್ತಾನೆ.

"ನಿನ್ನೆ ಮೂರು ಗಂಟೆ ಇದನ್ನೇ ದಿಟ್ಟಿಸಿದ್ದೀವಿ. ಆಡೋನಿಗೆ ತನ್ನ ಕಾಯಿ ಮರೆಯುತ್ತಾ ಅಕ್ಕ?" ಎನ್ನುತ್ತಾನೆ ದರ್ಜಿ.

ಕಾರ್ಯದರ್ಶಿ ಹಲಗೆಯನ್ನೊಮ್ಮೆ ನೋಡಿ, "ಉಳಿದ ಹಲಗೆ ಒರೆಸಿ" ಎಂದಷ್ಟೇ ಹೇಳಿ ಹೋಗುತ್ತಾರೆ.

ಕೆಲಸ ಉಳಿಯಿತು. ಅಕ್ಕ ಮುಂದಿನ ಹಲಗೆಗೆ ಬಟ್ಟೆ ಹಾಕುತ್ತಾರೆ. "ಹಾಗಾದ್ರೆ ಅವತ್ತು ವಾಚ್ ಅಣ್ಣಂಗೂ ಗೊತ್ತಿತ್ತು. ಬಾಯಿ ಬಿಟ್ಟಿದ್ರೆ ನನ್ನ ಕೆಲಸ ಹೋಗ್ತಿತ್ತು."

ವಾಚ್ ಅಂಗಡಿ ಇನ್ನೂ ಇದೆ, ಅಕ್ಕ ಬಿಟ್ಟು ಬರುವ ಆ ಹತ್ತಿರದ ಬೀದಿಯಲ್ಲಿ.

ಅವರು ಬಟ್ಟೆ ಹಿಂಡಿ ಒಣಹಾಕುತ್ತಾರೆ. "ಇವತ್ತು ಮನೆಗೆ ಆ ಕಡೆಯಿಂದ್ಲೇ ಹೋಗ್ತೀನಿ. ಅಂಗಡಿ ತೆಗೆದಿದ್ರೆ ಸಾಕು."