ಆಚ್ಚಿಯ ಕಾಲದ ರೂಪಾಯಿ

ಕಳೆದ ತಿಂಗಳು ಒಬ್ಬ ಅಜ್ಜಿಯ ಬಲಗಣ್ಣಿನ ಆಪರೇಷನ್ ನನ್ನಿಂದಾಗಿ ನಿಂತುಹೋಗುವುದರಲ್ಲಿತ್ತು. ನಾನು ಡಾಕ್ಟರಲ್ಲ. ಬರೀ ಸಲಹೆ ಕೊಟ್ಟೆ.

ಕ್ರೋಂಪೇಟೆಯ ನಮ್ಮ ಮನೆಯ ಮಹಡಿಯಲ್ಲೊಂದು ಪೋರ್ಷನ್ ಇದೆ. ಚಿಕಿತ್ಸೆಗೆಂದು ಚೆನ್ನೈಗೆ ಬರುವವರಿಗೆ ತಿಂಗಳ ಬಾಡಿಗೆಗೆ ಕೊಡುತ್ತೇವೆ. ಈ ಸಲ ಬಂದವರು ಶ್ರೀಲಂಕಾದ ಜಾಫ್ನಾದ ವಾಸುಕಿ ಮತ್ತು ಅವಳ ಅತ್ತೆ. ಅತ್ತೆಯನ್ನು ನಾವೆಲ್ಲ ‘ಆಚ್ಚಿ’ ಅನ್ನುತ್ತೇವೆ. ಅವರ ಕಡೆ ಅಜ್ಜಿಯನ್ನು ಹಾಗೆ ಕರೆಯುವುದು. ಆಚ್ಚಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣಿನ ಆಪರೇಷನ್ ಮುಗಿದಿತ್ತು. ಬಲಗಣ್ಣಿನ ದುಡ್ಡನ್ನು ವಾಸುಕಿಯ ಗಂಡ ಊರಿನಿಂದ ಕಳಿಸಬೇಕಿತ್ತು.

ಇಲ್ಲಿ ನನ್ನ ಪ್ರವೇಶ.

ಎರಡು ವರ್ಷದ ಹಿಂದೆ ನಾವು ಕೊಲಂಬೊ ಟೂರ್ ಹೋದಾಗ ಮಗಳು ನನ್ನ ಫೋನಿಗೆ ಕರೆನ್ಸಿ ಆ್ಯಪ್ ಹಾಕಿಕೊಟ್ಟಿದ್ದಳು. ಟೂರ್ ಮುಗಿಯಿತು, ಚಟ ಉಳಿಯಿತು. ಬೆಳಿಗ್ಗೆ ಕಾಫಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಚಿನ್ನದ ರೇಟು, ಆಮೇಲೆ ಲಂಕಾ ರೂಪಾಯಿಯ ರೇಟು. (ಎರಡನ್ನೂ ನಾನು ಕೊಳ್ಳುವುದಿಲ್ಲ.) ನಮ್ಮ ಒಂದು ರೂಪಾಯಿಗೆ ಅವರದು ಹೆಚ್ಚುಕಡಿಮೆ ಮೂರೂವರೆ. ಮೆಟ್ಟಿಲ ಹತ್ತಿರ ವಾಸುಕಿ ಸಿಕ್ಕಾಗಲೆಲ್ಲ ಆ ದಿನದ ದರ ಹೇಳಿ, “ಅಯ್ಯೋ ಪಾವಂ” ಅಂತ ಸೇರಿಸುತ್ತಿದ್ದೆ. ಪಾಪ ಅನ್ನುವುದಕ್ಕೆ ನಮ್ಮ ಮನೆಯಲ್ಲಿ ತಮಿಳಿನ ಪಾವಂ ಬಂದು ಕೂತು ಎರಡು ತಲೆಮಾರಾಗಿದೆ.

ಇಷ್ಟೆಲ್ಲ ತಿಳಿದವಳು ಅಂದುಕೊಂಡು ಅವಳು ಒಂದು ದಿನ ಕೇಳಿದಳು, ದುಡ್ಡು ಇವತ್ತೇ ಕಳಿಸಲು ಹೇಳಲೇ, ಕಾಯಲೇ ಎಂದು.

ಕಾಯಿ ಎಂದೆ.

ಯಾಕೆ? ಕ್ರೋಂಪೇಟೆ ಸ್ಟೇಷನ್ ಮುಂದೆ ಮಲ್ಲಿಗೆ ಕೊಳ್ಳುವ ನನ್ನ ಶಾಸ್ತ್ರವೇ ಅದು. ದೀಪ ಹಚ್ಚುವ ಹೊತ್ತಿಗೆ ಮೊಳಕ್ಕೆ ಬಾಯಿಗೆ ಬಂದ ರೇಟು. ಸ್ವಲ್ಪ ತಡೆದರೆ ಹೂವಿನಮ್ಮನೇ ಕರೆದು ಕಮ್ಮಿ ಮಾಡುತ್ತಾಳೆ. ತಾಳ್ಮೆಯಿಂದ ನಿಂತರೆ ಎಲ್ಲದರ ಬೆಲೆಯೂ ಇಳಿಯುತ್ತದೆ ಎಂದು ನಂಬಿ ಇಷ್ಟು ವರ್ಷ ಸಂಸಾರ ಮಾಡಿದವಳು ನಾನು. ಭಾರತದ ರೂಪಾಯಿಯೂ ಹಾಗೇ ಬಾಡಲಿ ಎಂದು ಕಾಯಿಸಿದೆ. (ದೇಶದ್ರೋಹ ಅನ್ನಬೇಡಿ, ಅದು ಆಗ ಹೊಳೆಯಲಿಲ್ಲ.)

ಅದು ಬಾಡಲಿಲ್ಲ. ಅವರದೇ ದಿನಕ್ಕಿಷ್ಟು ಜಾರಿತು. ಮೊದಲೇ ಎಳೆದು ಕಟ್ಟಿದ ಬಜೆಟ್ಟು. ಕೊನೆಗೆ ದುಡ್ಡು ಬಂದಾಗ ಆಸ್ಪತ್ರೆ ಹೇಳಿದ ಮೊತ್ತಕ್ಕೆ ಸಾಕಾಗಲಿಲ್ಲ. ಬಲಗಣ್ಣು ಮುಂದಿನ ವರ್ಷ ನೋಡೋಣ ಎಂದು ವಾಸುಕಿ ತಗ್ಗಿದ ದನಿಯಲ್ಲಿ ಹೇಳಿದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆ ರಾತ್ರಿ ನನಗೆ ಊಟ ಸೇರುತ್ತಿತ್ತು.

ಮರುದಿನ ಮಹಡಿ ಹತ್ತಿ, ಈ ತಿಂಗಳ ಬಾಡಿಗೆ ಬೇಡ, ಅದನ್ನು ಕಣ್ಣಿಗೆ ಹಾಕಿ ಎಂದೆ. ವಾಸುಕಿ ಬೇಡವೇ ಬೇಡ ಎಂದಳು. ಒಳಗಿನಿಂದ ಆಚ್ಚಿ ಬಂದರು, ಕಣ್ಣಿಗೆ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ, ಕೈಯಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ.

“ಕೂತ್ಕೋ ಪಿಳ್ಳೆ,” ಎಂದರು. (ಪಿಳ್ಳೆ ಅಂದರೆ ಮಗು. ನನಗೆ ಐವತ್ತೆಂಟು. ಅವರ ಜಾಫ್ನಾ ತಮಿಳನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆ ಸೊಗಸು ಬರುವುದಿಲ್ಲ.) “ನನ್ನ ಮದುವೆ ಸೀರೆ ತಗೊಳ್ಳೋಕೆ ಅಪ್ಪನ ಜೊತೆ ಇದೇ ಊರಿಗೆ ಬಂದಿದ್ದೆ. ತಲೈಮನ್ನಾರಿಂದ ಹಡಗು, ರಾಮೇಶ್ವರದಿಂದ ರೈಲು, ಎಗ್ಮೋರಲ್ಲಿ ಇಳಿದ್ವಿ. ಆಗ ನಮ್ಮ ಒಂದು ರೂಪಾಯಿಗೆ ನಿಮ್ಮದು ಒಂದೂವರೆ. ಒಂದು ಸೀರೆಗೆ ಅಂತ ಬಂದು ಎರಡು ತಗೊಂಡೆ.”

ನಾನು ನಕ್ಕೆ. ವಯಸ್ಸಾಯಿತು, ಲೆಕ್ಕ ತಿರುಗುಮುರುಗಾಗಿದೆ ಅಂದುಕೊಂಡೆ. ಕೆಳಗೆ ಬಂದು ಹುಡುಕಿದೆ. ನಿಜ! ನೂರಾರು ವರ್ಷದ ಮಾತೇನಲ್ಲ. ಒಂದು ಕಾಲಕ್ಕೆ ಅವರಲ್ಲಿ ನಮ್ಮ ರೂಪಾಯಿಯೇ ಓಡುತ್ತಿತ್ತಂತೆ. ಆಮೇಲೆ ಬಹುಕಾಲ ಎರಡೂ ಸರಿಸಮ. ಅರವತ್ತಾರರಲ್ಲಿ ನಮ್ಮದರ ಬೆಲೆ ಇಳಿಸಿದಾಗ ಕೆಲವು ಕಾಲ ಅವರದೇ ಮೇಲು. ಕಾನ್ವೆಂಟಿನಲ್ಲಿ ಇಂಗ್ಲೆಂಡಿನ ರಾಜರನ್ನೆಲ್ಲ ಸಾಲಾಗಿ ಬಾಯಿಪಾಠ ಮಾಡಿದವಳಿಗೆ ಪಕ್ಕದ ಮನೆಯ ರೂಪಾಯಿ ಗೊತ್ತಿರಲಿಲ್ಲ.

ಮತ್ತೆ ಮಹಡಿ ಹತ್ತಿದೆ. ಆಚ್ಚಿಗೆ ನನ್ನ ಮುಖ ನೋಡಿಯೇ ತಿಳಿಯಿತು.

“ಆಗ ನಿಮ್ಮನ್ನ ನೋಡಿ ನಾವೂ ಪಾವಂ ಅಂತಿದ್ವಿ,” ಎಂದರು.

ಮೆಟ್ಟಿಲ ಹತ್ತಿರದ್ದೆಲ್ಲ ಮೇಲೆ ಕೇಳಿಸುತ್ತಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ.

ಆಮೇಲೆ ಆಚ್ಚಿಯ ವ್ಯಾಪಾರ ಶುರು. ಪುಕ್ಕಟೆ ಇರುವುದಿಲ್ಲ, ಬಾಡಿಗೆ ಕೊಟ್ಟೇ ಕೊಡುತ್ತೇನೆ, ಆದರೆ ನನ್ನ ಪರ್ಸಿನಲ್ಲಿರುವ ಲಂಕಾ ನೋಟಿನಲ್ಲಿ, ನನ್ನ ಕಾಲದ ದರಕ್ಕೆ ಎಂದರು. ಬಾಡಿಗೆಗೆಂದು ಎತ್ತಿಟ್ಟಿದ್ದ ಇಂಡಿಯಾ ದುಡ್ಡು ಕಣ್ಣಿಗೆ ಹೋಗಲಿ. ನಾನು ಆಗಲಿ ಎಂದೆ.

“ಒಂದೂವರೆ ಲೆಕ್ಕ ಹಿಡಿದ್ರೆ ನಿನಗೆ ಕಡಿಮೆ ಬರತ್ತೆ,” ಎಂದರು ಆಚ್ಚಿ, ನೋಟು ಎಣಿಸುತ್ತ. “ನಾನು ಅಷ್ಟು ಆಸೆಬುರುಕಿಯಲ್ಲ. ಒಂದಕ್ಕೆ ಒಂದು ಇಟ್ಕೋ.”

ಹತ್ತು ಸಾವಿರದ ಬಾಡಿಗೆಗೆ ಹತ್ತು ಸಾವಿರ ಲಂಕಾ ರೂಪಾಯಿ, ಮೇಲೆ ಒಂದು ಹಿಡಿ ಸುಲಿದ ಬೆಳ್ಳುಳ್ಳಿ. ಆ ಶುಕ್ರವಾರವೇ ಬಲಗಣ್ಣಿನ ಆಪರೇಷನ್ ಆಯಿತು. ಹೋದ ವಾರ ಊರಿಗೆ ಹೊರಡುವಾಗ ಆಚ್ಚಿ ಎರಡೂ ಕಣ್ಣಲ್ಲಿ ನನ್ನನ್ನು ನೋಡಿ, “ನಾನು ಅಂದ್ಕೊಂಡಷ್ಟು ಚಿಕ್ಕವಳಲ್ಲ ನೀನು,” ಎಂದರು.

ಬ್ಯಾಂಕಿನಲ್ಲೇ ಆಯುಷ್ಯ ಕಳೆದ ನನ್ನ ಯಜಮಾನರು ನೋಟುಗಳನ್ನು ತಿರುಗಿಸಿ ನೋಡಿ, “ಎಷ್ಟು ಲಾಸ್ ಮಾಡ್ಕೊಂಡೆ ಗೊತ್ತೇನೇ?” ಎಂದು ಕೇಳಿದರು.

ಅದು ಯಾವ ವರ್ಷದ ದರ ಹಿಡಿಯುತ್ತೀರಿ ಅನ್ನುವುದರ ಮೇಲಲ್ಲವೇ?